ಎರಡು ನಿಮಿಷದ ಓಟ

ನಮ್ಮ ಕರಾವಳಿಯಲ್ಲಿ ಊಟ ಮುಗಿಸಿ ಬಾಯಿ ಮುಕ್ಕಳಿಸದೆ ಒಳಗೆ ಬಂದವನನ್ನು ಮನುಷ್ಯನೆಂದೇ ಲೆಕ್ಕಕ್ಕೆ ಇಡುವುದಿಲ್ಲ. ಅದೂ ಸುಮ್ಮನೆ ನೀರು ಹಾಕಿ ಬಿಡುವುದಲ್ಲ. ಕೆನ್ನೆ ಉಬ್ಬಿಸಿ, ಗಂಟಲಿನವರೆಗೆ ಗಳಗಳ ಮಾಡಿ, ಬಾಳೆಬುಡಕ್ಕೆ ತಾಗುವ ಹಾಗೆ ಉಗಿಯಬೇಕು. ಮದುವೆಮನೆಯಲ್ಲಿ ಪಂಕ್ತಿ ಎದ್ದಾಗ ಬಚ್ಚಲ ಕಡೆಯಿಂದ ಬರುವ ಸದ್ದು ಕೇಳಿದವರಿಗೆ ನಾನು ಹೇಳುತ್ತಿರುವುದು ಗೊತ್ತು. ಇಂಥ ಊರುಗಳಲ್ಲಿ ಒಬ್ಬರು ಹಲ್ಲಿನ ಡಾಕ್ಟರು ತಮ್ಮ ಆಯುಷ್ಯದ ಮುಕ್ಕಾಲು ಪಾಲನ್ನು "ಮುಕ್ಕಳಿಸಬೇಡಿ" ಎಂದು ಜನರನ್ನು ಬೇಡಿಕೊಳ್ಳುತ್ತ ಕಳೆದರು.

ವಸಡಿನ ಆಪರೇಶನ್ ಮಾಡಿಸಿಕೊಂಡವರ ಎಡಗೈ ಮೇಲೆ ಅವರು ಬಾಲ್‌ಪೆನ್ನಿನಿಂದ ದಪ್ಪಕ್ಷರದಲ್ಲಿ ಆ ಮಾತು ಬರೆದು ಕಳಿಸುತ್ತಿದ್ದರು. ಚೀಟಿಯಲ್ಲಿ ಬರೆಯಬಾರದೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಚೀಟಿ ಕಿಸೆಯಲ್ಲಿ ಉಳೀತದೆ ಮಾರಾಯ್ರೆ. ಬಲಗೈ ಎಂಜಲಾಗಿರ್ತದಲ್ಲ, ತಂಬಿಗೆ ಎತ್ತೂದು ಎಡಗೈಯೇ. ಎತ್ತುವಾಗ ಕಣ್ಣಿಗೆ ಬೀಳ್ಬೇಕು" ಅಂದರು. ಕಣ್ಣಿಗೆ ಬಿದ್ದರೂ ಮುಕ್ಕಳಿಸಿ ಹೊಲಿಗೆ ಕಿತ್ತುಕೊಂಡು ಬರುವವರು ಇದ್ದೇ ಇದ್ದರು. ಅವರಿಗೆ ಬೈಯುತ್ತಿರಲಿಲ್ಲ. ನೀರು ಬಾಯಲ್ಲಿಟ್ಟುಕೊಂಡು ತಲೆ ಬಗ್ಗಿಸಿ ತಾನಾಗಿ ಬೀಳಲು ಬಿಡುವುದು ಹೇಗೆಂದು ತಾವೇ ವಾಶ್‌ಬೇಸಿನ್ನಿನ ಮುಂದೆ ನಿಂತು ಮಾಡಿ ತೋರಿಸುತ್ತಿದ್ದರು. ಮೂರು ತಾಲೂಕಿನಲ್ಲೂ ಅವರಿಗೆ "ಮುಕ್ಕಳಿಸಬೇಡಿ ಡಾಕ್ಟ್ರು" ಎಂದೇ ಹೆಸರು ಬಿದ್ದಿತ್ತು. ಈ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಕುಮಟಾದ ತಮ್ಮ ಮನೆಯಲ್ಲಿ ತೀರಿಕೊಂಡರು. ಹೊನ್ನಾವರದಲ್ಲಿ ಅವರ ಕ್ಲಿನಿಕ್ಕಿನ ಕೆಳಗೆ ರಕ್ತಪರೀಕ್ಷೆಯ ಲ್ಯಾಬು ಇಟ್ಟುಕೊಂಡಿದ್ದವನು ನಾನು. ಅವರ ಬಗ್ಗೆ ಒಳ್ಳೆಯದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಹೇಳಲಿಕ್ಕಿರುವುದು ಬೇರೆ.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ಬಂದಾಗ ಭಟ್ಕಳದಲ್ಲಿ ಎರಡು ದಿನ, ನಮ್ಮಲ್ಲಿ ಎರಡು ದಿನ, ಉಳಿದಂತೆ ಕುಮಟಾ. ಓಡಾಟವೆಲ್ಲ ಟೆಂಪೋದಲ್ಲಿ. ಕುದಿಸಿ ಬಟ್ಟೆ ಸುತ್ತಿದ ಆಯುಧಗಳ ಸ್ಟೀಲ್ ಡಬ್ಬಿಯನ್ನು ಮೇಲೆ ಇಡಲು ಕ್ಲೀನರ್ ಎಷ್ಟು ಹೇಳಿದರೂ ಕೊಡುತ್ತಿರಲಿಲ್ಲ. ಮಡಿಲಲ್ಲೇ ಇಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು ಬರುತ್ತಿದ್ದರು. ಮಹಾ ಹೆದರುಪುಕ್ಕಲಿ ಹೆಂಗಸು ಎಂದು ನಾನು ಮೊದಲು ತಿಳಿದದ್ದು ಅದಕ್ಕೇ. ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತಿದ್ದರು. ಶುಗರ್ ಇದೆಯಾ, ಆಸ್ಪಿರಿನ್ ಗುಳಿಗೆ ತಗೊಳ್ತೀರಾ, ನಿಜವಾಗಲೂ ತಗೊಳ್ಳೂದಿಲ್ವಾ? ರೋಗಿ ಕೇಳುವುದು ಒಂದೇ ಪ್ರಶ್ನೆ, ಹಲ್ಲು ಉಳೀತದಾ ಎಂದು. ಅದಕ್ಕೆ ಅವರಲ್ಲಿ "ನೋಡ್ವ" ಎಂಬುದರ ಹೊರತು ಬೇರೆ ಉತ್ತರವೇ ಇರಲಿಲ್ಲ. ಖಂಡಿತ ಉಳಿಸಿಕೊಡುತ್ತೇನೆ ಎನ್ನುವ ಡಾಕ್ಟರನ್ನು ಹುಡುಕಿಕೊಂಡು ಎಷ್ಟೋ ಜನ ಬೇರೆ ಕಡೆ ಹೋದರು.

ಹಲ್ಲು ಅಲ್ಲಾಡುವುದು ಹಲ್ಲಿನ ತಪ್ಪಲ್ಲ, ಅದು ಊರಿ ನಿಂತ ದವಡೆಯ ಎಲುಬು ಕರಗಿದ್ದರಿಂದ ಎನ್ನುವುದು ನನಗೆ ಗೊತ್ತಾದದ್ದೂ ಅವರಿಂದಲೇ. ಅಲ್ಲಿಯವರೆಗೆ ನಮ್ಮಲ್ಲಿ ಅಲ್ಲಾಡುವ ಹಲ್ಲಿಗೆ ಇದ್ದ ಒಂದೇ ಮದ್ದು ಇಕ್ಕಳ. ಇವರು ವಸಡು ಬಿಡಿಸಿ, ಎಲುಬು ಕರಗಿ ಗುಳಿಬಿದ್ದ ಜಾಗವನ್ನು ಚೊಕ್ಕ ಮಾಡಿ, ಅದರ ಮೇಲೆ ತೆಳ್ಳಗಿನ ಪರದೆಯೊಂದನ್ನು ಹಾಸಿ, ವಸಡು ಮುಚ್ಚಿ ಹೊಲಿಯುತ್ತಿದ್ದರು. ಆ ಪರದೆ ಯಾಕೆಂದು ಕೇಳಿದೆ.

"ವಸಡಿಗೆ ಅವಸರ. ಖಾಲಿ ಜಾಗ ಕಂಡ್ರೆ ವಾರದೊಳಗೆ ಬಂದು ತುಂಬ್ಕಂತದೆ. ಎಲುಬಿಗೆ ತಿಂಗಳುಗಟ್ಲೆ ಬೇಕು. ಅದು ಬರೂದ್ರೊಳಗೆ ಜಾಗವೇ ಇರೂದಿಲ್ಲ. ನಮ್ಮ ಗಜನಿಗೆ ಒಡ್ಡು ಕಟ್ಟೂದು ಎಂತಕ್ಕೆ ಹೇಳಿ?"

ಅವರ ತವರು ಕಾಗಾಲ. ಅಘನಾಶಿನಿಯಲ್ಲಿ ಉಬ್ಬರ ಬಂದಾಗ ಉಪ್ಪುನೀರು ನುಗ್ಗುವ ಭತ್ತದ ಗದ್ದೆಗೆ ಅಲ್ಲಿ ಗಜನಿ ಎನ್ನುತ್ತಾರೆ.

"ಉಪ್ಪುನೀರು ಒಳಗೆ ಬರಬಾರದು ಅಂತ" ಎಂದೆ.

"ಆತಲ್ಲ. ಒಡ್ಡು ಭತ್ತ ಬೆಳೆಸೂದಿಲ್ಲ. ಉಪ್ಪುನೀರು ತಡೀತದೆ, ಅಷ್ಟೇ. ನಾನೂ ಅಷ್ಟೇ ಮಾಡೂದು."

ಆದರೆ ಆ ಪರದೆಯೇ ಅವರಿಗೆ ದೊಡ್ಡ ಚಿಂತೆ ತಂದಿತು. ಪೇಟೆಯಿಂದ ತರಿಸುವ, ತಾನಾಗಿ ಕರಗುವ ಪರದೆಗಳನ್ನು ದನದ ಇಲ್ಲವೇ ಹಂದಿಯ ಚರ್ಮದಿಂದ ತಯಾರಿಸುತ್ತಿದ್ದರು. ಅದನ್ನು ಹೇಳದೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇವರು ಪೊಟ್ಟಣದ ಒಳಗಿನ ಸಣ್ಣ ಅಕ್ಷರವನ್ನು ಭೂತಗನ್ನಡಿಯಲ್ಲಿ ಓದಿ, ರೋಗಿಗೆ ಹೇಳಿಯೇ ಮುಂದಿನ ಮಾತು. ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರು ಹಂದಿಯದು ಎಂದು ಕೇಳಿ, ಕೈಮುಗಿದು ಎದ್ದುಹೋದರು. ಇಡಗುಂಜಿ ಕಡೆಯ ತೋಟದವರೊಬ್ಬರು ದನದ್ದು ಎಂದ ಕೂಡಲೇ, "ಅದು ಬ್ಯಾಡ ಡಾಕ್ಟ್ರೆ, ಹಲ್ಲು ಹೋದ್ರೂ ಅಡ್ಡಿಲ್ಲೆ" ಅಂದರು. ಇಬ್ಬರೂ ಮರುವರ್ಷ ಅಲ್ಲಾಡುವ ಹಲ್ಲನ್ನು ಬೇರೆಲ್ಲೋ ಕೀಳಿಸಿಕೊಂಡರು. ಇವರು ಆ ಇಬ್ಬರ ಹಲ್ಲನ್ನೂ ಹೆಸರು ಹಿಡಿದು ನೆನೆಸಿಕೊಂಡು ವರ್ಷಗಟ್ಟಲೆ ಕೊರಗಿದರು. ನನಗಂತೂ ಸಿಟ್ಟೇ ಬರುತ್ತಿತ್ತು. "ಬಾಯಿ ಮುಚ್ಚಿಕೊಂಡು ಹಾಕಿದ್ದರೆ ಅವರ ಹಲ್ಲೂ ಉಳೀತಿತ್ತು, ನಿಮ್ಮ ನಿದ್ದೆಯೂ ಉಳೀತಿತ್ತು" ಎಂದೆ. ಡಾಕ್ಟರು, "ಅವರ ಬಾಯಿ ಅದು" ಅಂದರು.

ಆಮೇಲೆ ಕೆಲವು ವರ್ಷಗಳಲ್ಲಿ, ಯಾವುದೋ ಕಾಲೇಜಿನಲ್ಲಿ ನಾಲ್ಕು ದಿನದ ತರಬೇತಿಗೆಂದು ಹೋಗಿ ಹೊಸದೊಂದು ರೀತಿ ಕಲಿತು ಬಂದರು. ಊರಿಗೆ ಬಂದವರೇ ಮನೆಗೂ ಹೋಗದೆ ನೇರ ನನ್ನ ಲ್ಯಾಬಿಗೆ ಬಂದು, ರಕ್ತ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರದ ಮುಚ್ಚಳ ತೆಗೆದು ಇಣುಕಿದರು. ರೋಗಿಯ ರಕ್ತವನ್ನೇ ಟ್ಯೂಬಿನಲ್ಲಿ ತೆಗೆದು, ಹೆಪ್ಪುಗಟ್ಟದಂತೆ ತಡೆಯುವ ಮದ್ದು ಏನೂ ಸೇರಿಸದೆ ಹತ್ತು ಹನ್ನೆರಡು ನಿಮಿಷ ತಿರುಗಿಸಿದರೆ, ಕೆಂಪು ಕೆಳಗಿಳಿದು ನಡುವೆ ಹಳದಿ ಬಣ್ಣದ ಹೆಪ್ಪು ನಿಲ್ಲುತ್ತದೆ. ಎಳನೀರಿನ ಗಂಜಿಯ ಹಾಗೆ ಕಾಣುತ್ತದೆ, ಆದರೆ ಗಟ್ಟಿ. ಗಾಯ ಮಾಯಿಸಲು, ಎಲುಬಿನ ಕಣಗಳನ್ನು ಕರೆತರಲು ಬೇಕಾದ ಗ್ರೋತ್ ಫ್ಯಾಕ್ಟರುಗಳೆಲ್ಲ ಅದರೊಳಗೇ ಇರುತ್ತವೆ. ಒಂದು ಚೂರನ್ನು ಎಲುಬಿನ ಗುಳಿಯೊಳಗೆ ತುಂಬುವುದು, ಇನ್ನೊಂದನ್ನು ಎರಡು ಗಾಜಿನ ನಡುವೆ ಒತ್ತಿ ಪರದೆ ಮಾಡಿ ಮೇಲೆ ಹಾಸುವುದು. ದನವೂ ಬೇಡ, ಹಂದಿಯೂ ಬೇಡ.

ಒಂದೇ ತೊಡಕು. ರಕ್ತ ತೆಗೆದ ಎರಡು ನಿಮಿಷದೊಳಗೆ ಯಂತ್ರ ತಿರುಗಲು ಶುರುವಾಗಬೇಕು. ತಡವಾದರೆ ಟ್ಯೂಬಿನಲ್ಲೇ ಹೇಗೆಂದರೆ ಹಾಗೆ ಹೆಪ್ಪುಗಟ್ಟಿ, ಬೇಕಾದದ್ದು ಬೇರೆಯಾಗುವುದಿಲ್ಲ. ಕ್ಲಿನಿಕ್ಕು ಮೇಲ್ಮಾಳಿಗೆಯಲ್ಲಿ, ಕಟ್ಟಡದ ಹೊರಗಿನ ಕಡಿದಾದ ಮೆಟ್ಟಿಲು ಇಳಿದು, ಮೂರು ಅಂಗಡಿ ದಾಟಿದರೆ ನನ್ನ ಲ್ಯಾಬು. ಮೇಲೆ ಹೋಗಿ ರಕ್ತ ತೆಗೆದು, ಟ್ಯೂಬು ಹಿಡಿದು ಓಡುವುದು ನನ್ನ ಕೆಲಸವಾಯಿತು. ಮೊದಲ ಸಲ ಅವರೇ ಗಡಿಯಾರ ಹಿಡಿದು ನಿಂತು ನನ್ನನ್ನು ಖಾಲಿ ಟ್ಯೂಬಿನೊಂದಿಗೆ ಮೂರು ಬಾರಿ ಓಡಿಸಿದರು. ಸೈಕಲ್ ಅಂಗಡಿಯವರೆಲ್ಲ ಹೊರಗೆ ಬಂದು ನೋಡಿದರು. ನನಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಎರಡು ಮೂರು ವರ್ಷ ಹಾಗೆ ಓಡಿದೆ. ಆರೇಳು ತಿಂಗಳಿಗೆ ಎಕ್ಸ್‌ರೇ ತೆಗೆದಾಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಲ್ಯಾಬಣ್ಣ, ಬನ್ನಿ, ನೀವೂ ನೋಡಿ" ಎಂದು ಮೇಲಿನಿಂದಲೇ ಕೂಗುತ್ತಿದ್ದರು. ಕಪ್ಪಿದ್ದಲ್ಲಿ ಸಣ್ಣಗೆ ಬೆಳ್ಳಗಿನ ಮಂಜು ಕಟ್ಟಿರುತ್ತಿತ್ತು. ಅದೇ ಹೊಸ ಎಲುಬು. ಎಲ್ಲರಲ್ಲೂ ಅಲ್ಲ, ಆದವರಲ್ಲಿ ಅವರ ಮುಖ ನೋಡಬೇಕಾಗಿತ್ತು.

ಆಗ ಬಂದವನು ಒಬ್ಬ ಶಹನಾಯಿ ಊದುವವನು. ಕಾಯ್ಕಿಣಿ ಕಡೆಯವನು, ಮೂವತ್ತೈದು ದಾಟಿರಲಿಲ್ಲ. ಮದುವೆ ಮುಂಜಿಗಳ ಪಂಚವಾದ್ಯದಲ್ಲಿ ಅವನದೇ ಮುಖ್ಯ ಕೈ. ಕೆಳಗಿನ ಎದುರು ಹಲ್ಲು ಎರಡು, ನಾಲಿಗೆ ತಾಗಿದರೆ ಬಾಗುವಷ್ಟು ಸಡಿಲವಾಗಿದ್ದವು. ಆ ಹಲ್ಲಿನ ಆನಿಕೆ ಇಲ್ಲದಿದ್ದರೆ ಕೆಳತುಟಿ ನಿಲ್ಲುವುದಿಲ್ಲ, ತುಟಿ ನಿಲ್ಲದಿದ್ದರೆ ಸ್ವರ ನಿಲ್ಲುವುದಿಲ್ಲ. "ನಮ್ಮಪ್ಪನೂ ನಲವತ್ತಕ್ಕೆ ಬೊಚ್ಚುಬಾಯಿ ಆದ್ರು ಅಮ್ಮಾ. ವಾದ್ಯ ಮಾಡಿನ ಜಂತಿಗೆ ಸಿಕ್ಸಿಟ್ರು, ಮತ್ತೆ ಕೂಲಿಗೆ ಹೋದ್ರು" ಎಂದ. ಡಾಕ್ಟರು "ನೋಡ್ವ" ಎಂದರು. ಆಪರೇಶನ್ ಆದರೆ ಆರು ತಿಂಗಳು ಊದುವಂತಿಲ್ಲ, ಒಂದು ಇಡೀ ಮದುವೆ ಹಂಗಾಮು ಹೋಗುತ್ತದೆ ಎಂದೂ ಹೇಳಿದರು. ಅವನು ಎರಡು ದಿನ ಯೋಚಿಸಿ ಒಪ್ಪಿಕೊಂಡ.

ಆ ದಿನ ಅವರು ವಸಡು ಬಿಡಿಸಿ ಚೊಕ್ಕ ಮಾಡಿ, "ತೆಗೀರಿ" ಅಂದರು. ನಾನು ರಕ್ತ ತೆಗೆದೆ, ಓಡಿದೆ. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ನನ್ನ ಹೈಸ್ಕೂಲಿನ ಮಾಸ್ತರರು ಎದುರಾದರು. ಎಂಬತ್ತರ ಹತ್ತಿರದವರು. ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ನನ್ನ ತೋಳು.

"ತಮಾ, ನಿನ್ನೇ ಹುಡುಕ್ತಿದ್ದೆ. ನಂದು ಶುಗರ್ ಎಷ್ಟು ಬಂತು?"

ಬಿಡಿಸಿಕೊಂಡು ಓಡಬೇಕಿತ್ತು. ಓಡುತ್ತಲೇ ಸಂಖ್ಯೆ ಕೂಗಿ ಹೇಳಿದ್ದರೂ ಆಗುತ್ತಿತ್ತು. ಆದರೆ ನಮ್ಮ ಕಡೆ ಕಲಿಸಿದ ಮಾಸ್ತರರ ಕೈ ಕೊಸರಿಕೊಂಡು ಓಡಿದವನು ಯಾರಾದರೂ ಇದ್ದಾನೆಯೇ? ನಿಂತೆ. ಶುಗರ್ ಜಾಸ್ತಿ ಇದೆ ಎಂದೆ. ಎಷ್ಟು ಜಾಸ್ತಿ ಎಂದರು. ಹೇಳಿದೆ. ಹಾಗಾದರೆ ಮಾವಿನಹಣ್ಣು ತಿನ್ನಬಾರದೋ, ಊಟದ ಸಂಗಡ ತಿಂದರೂ ಬಾರದೋ, ಗೊಜ್ಜು ಮಾಡಿದರೆ ಹೇಗೆ, ಎಂದು ಅವರು ಕೇಳುತ್ತಲೇ ಹೋದರು. ನಾನು ಟ್ಯೂಬುಗಳನ್ನು ಬೆನ್ನ ಹಿಂದೆ ಹಿಡಿದುಕೊಂಡು, "ಹೌದು ಸರ್, ಅಲ್ಲ ಸರ್" ಎನ್ನುತ್ತ ನಿಂತೆ. ಅವರು ಕೈ ಬಿಟ್ಟಾಗ ನನ್ನ ಗಡಿಯಾರದಲ್ಲಿ ಐದು ನಿಮಿಷ ಕಳೆದಿತ್ತು.

ಯಂತ್ರ ನಿಂತ ಮೇಲೆ ಟ್ಯೂಬು ಎತ್ತಿ ನೋಡಿದರೆ ಹಳದಿ ಹೆಪ್ಪಿನ ಜಾಗದಲ್ಲಿ ಕೆಂಪು ಬೆರೆತ, ಮುಟ್ಟಿದರೆ ಪುಡಿಯಾಗುವ ಒಂದು ಗಂಟು. ವಾಪಸು ಹೋಗಿ ಇನ್ನೊಮ್ಮೆ ರಕ್ತ ತೆಗೆಯುತ್ತೇನೆ ಎನ್ನಬೇಕಿತ್ತು. ಮೆಟ್ಟಿಲು ಹತ್ತುವಾಗ ಆ ಮಾತು ಬಾಯಲ್ಲೇ ಇತ್ತು. ಡಾಕ್ಟರು ಅದನ್ನು ಚಿಮಟದಲ್ಲಿ ಎತ್ತಿ ನೋಡಿ, ಮಾಸ್ಕಿನ ಮೇಲಿಂದ ನನ್ನನ್ನು ನೋಡಿದರು.

"ಇದೆಂತ ಹಿಂಗೆ? ಓಡ್ಕಂಡೇ ಹೋದ್ರಲ್ಲ?"

"ಓಡ್ದೆ" ಎಂದೆ.

"ತಡ ಆಗ್ಲಿಲ್ಲ?"

"ಇಲ್ಲ."

"ಸೀದಾ ಹೋದ್ರಿ?"

"ಹೌದು."

ಮೂರು ಸಲ ಕೇಳುವುದು ಅವರ ರೂಢಿ. ಮೂರು ಸಲವೂ ಸುಳ್ಳು ಹೇಳಿದೆ. ಅವರು ನಿಟ್ಟುಸಿರುಬಿಟ್ಟು, "ಹಂಗಾದ್ರೆ ಇವನ ರಕ್ತವೇ ಹಿಂಗೆ. ಇನ್ನೊಮ್ಮೆ ತೆಗೆದ್ರೂ ಇಷ್ಟೇ" ಎಂದು ಆ ಗಂಟನ್ನೇ ಹೇಗೋ ಕೂರಿಸಿ ಹೊಲಿದರು. ಕುರ್ಚಿಯಲ್ಲಿದ್ದವನು ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿಸಿಕೊಂಡ. ಅವನ ಕಾರ್ಡಿನಲ್ಲಿ, ಈ ರೋಗಿಯ ರಕ್ತ ನಮ್ಮ ಕೆಲಸಕ್ಕೆ ಒಗ್ಗುವುದಿಲ್ಲ ಎಂದು ಬರೆದರು. ಎಡಗೈ ಮೇಲೆ ಎಂದಿನ ಮಾತು ಬರೆದು ಕಳಿಸಿದರು.

ಆಮೇಲಿನ ಆರು ತಿಂಗಳು ನನಗೆ ಅನ್ನ ರುಚಿಸಲಿಲ್ಲ ಎಂದರೆ ಉತ್ಪ್ರೇಕ್ಷೆಯಾದೀತು. ಅನ್ನ ತಿಂದೆ, ಆದರೆ ಮೆಟ್ಟಿಲಲ್ಲಿ ಯಾರ ಹೆಜ್ಜೆ ಸದ್ದಾದರೂ ಅವನೇ ಬಂದನೇನೋ ಎಂದು ಕೆಲಸ ಬಿಟ್ಟು ಬಾಗಿಲಿಗೆ ಬಂದು ನೋಡುತ್ತಿದ್ದೆ. ಡಾಕ್ಟರು ಸುಮ್ಮನಿರದೆ ಅವನ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿದರು. ಮಾಡಿದವನು ನಾನೇ. ಎಲ್ಲ ಸರಿಯಾಗಿತ್ತು. ಸರಿಯಾಗಿದೆ ಎಂದು ಸಹಿ ಹಾಕಿ ಕೊಟ್ಟೆ. ಅವರು ಅದನ್ನು ಓದಿ, "ಮತ್ತೆ ಎಂತಕ್ಕೆ ಹಿಂಗಾತು?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ಕೆಲವರದ್ದು ಹಾಗೇ ಇರಬಹುದು ಎಂದೆ. ಅವನು ತಪಾಸಣೆಗೆ ಬಂದಾಗಲೆಲ್ಲ ಕೆಳಗೆ ನನ್ನ ಬೆಂಚಿನಲ್ಲಿ ಕೂತು ನಗುತ್ತ ಎರಡು ಮಾತಾಡಿ ಹೋಗುತ್ತಿದ್ದ. ಬಾಯಿಯ ಮೇಲೆ ಕೈ ಇಟ್ಟುಕೊಂಡು ನಗುವುದು ಅಭ್ಯಾಸವಾಗಿತ್ತು ಅವನಿಗೆ. ಎಲುಬು ಬರಲಿ ದೇವರೇ, ಬಂದುಬಿಟ್ಟರೆ ನಾನು ಹೇಳುವ ಅಗತ್ಯವೇ ಇರುವುದಿಲ್ಲ ಎಂದು ಅವನಿಗಿಂತ ಹೆಚ್ಚು ಬೇಡಿಕೊಂಡವನು ನಾನು. ಅವನಿಗಾಗಿ ಬೇಡಿಕೊಂಡದ್ದಲ್ಲ, ಅಷ್ಟು ನನಗೆ ಆಗಲೂ ಗೊತ್ತಿತ್ತು.

ಎಲುಬು ಬರಲಿಲ್ಲ. "ಲ್ಯಾಬಣ್ಣ" ಎಂಬ ಕೂಗು ಕೇಳಿ ಮೇಲೆ ಹೋದೆ. ಎಕ್ಸ್‌ರೇ ಕಿಟಕಿಯ ಬೆಳಕಿನಲ್ಲಿ ಹಿಂದಿನಷ್ಟೇ ಕಪ್ಪಗಿತ್ತು. ಡಾಕ್ಟರು ಸ್ಟೂಲು ಎಳೆದುಕೊಂಡು ಅವನ ಎದುರು ಕೂತರು.

"ಆಗ್ಲಿಲ್ಲ ಮಾರಾಯ. ನಿನ್ನ ರಕ್ತ ಇದಕ್ಕೆ ಒಗ್ಗೂದಿಲ್ಲ ಕಾಣ್ತದೆ. ಮತ್ತೊಮ್ಮೆ ಮಾಡಿ ನಿನ್ನ ಇನ್ನೊಂದು ವರ್ಷ ಹಾಳು ಮಾಡೂಕೆ ನಂಗೆ ಧೈರ್ಯ ಇಲ್ಲ. ಈ ಎರಡು ಹಲ್ಲು ತೆಗೆಯೂದೇ ಚೊಲೋ."

ಅವನು ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಮಕ್ಕಳಿಗೂ ಇದೇ ರಕ್ತ ಅಲ್ದಾ ಅಮ್ಮಾ?" ಎಂದ. "ದೊಡ್ಡವಳು ಊದೂಕೆ ಕಲೀತೆ ಅಂತಾಳೆ. ಕಲಿಸೂದೋ ಬೇಡ್ವೋ?"

ನನ್ನ ಬಾಯಿ ಆಗ ತೆರೆಯಿತು. ಧೈರ್ಯದಿಂದ ಅಲ್ಲ, ಆ ಪ್ರಶ್ನೆಯ ಮುಂದೆ ನಿಂತಿರಲು ಆಗಲಿಲ್ಲ. ಮಾಸ್ತರರು, ಶುಗರ್, ಮಾವಿನಹಣ್ಣು, ಐದು ನಿಮಿಷ, ಎಲ್ಲ ಹೇಳಿದೆ. ಹೇಳುವಾಗ ಗೋಡೆಯ ಮೇಲಿನ ಹಲ್ಲುಜ್ಜುವ ಚಿತ್ರವನ್ನು ನೋಡುತ್ತಿದ್ದೆ.

ಡಾಕ್ಟರು ಮೇಜಿನಿಂದ ಅವನ ಕಾರ್ಡು ತೆಗೆದು, ತಾವು ಬರೆದಿದ್ದ ಸಾಲನ್ನು ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಅದನ್ನು ಅವನ ಕೈಗೇ ಕೊಟ್ಟರು.

"ನಿನ್ನ ರಕ್ತಕ್ಕೆ ಎಂತದೂ ಆಗ್ಲಿಲ್ಲ. ಚೊಲೋ ಅದೆ. ತಪ್ಪು ನಮ್ದು" ಎಂದರು. "ಮಗಳಿಗೆ ಕಲಿಸು. ವರ್ಷಕ್ಕೊಮ್ಮೆ ಕರ್ಕಂಡು ಬಂದು ವಸಡು ತೋರ್ಸು."

ನಮ್ದು ಎಂದರು. ನನ್ನ ಕಡೆ ಕೈ ತೋರಿಸಿದ್ದರೆ ನಾನು ಇಷ್ಟು ವರ್ಷ ಇದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲವೇನೋ. ಅವನು ನನ್ನನ್ನು ನೋಡಿ, ಮಾಸ್ತರರ ಶುಗರ್ ಈಗ ಹೇಗಿದೆ ಎಂದು ಕೇಳಿದ. ಅಣಕವಾಗಿರಲಿಲ್ಲ, ನಿಜವಾಗಿಯೇ ಕೇಳಿದ.

ಎರಡನೆಯ ಸಲಕ್ಕೆ ಅವನು ಇನ್ನೊಂದು ಹಂಗಾಮನ್ನು ಬಿಡಬೇಕಾಯಿತು. ಬಿಟ್ಟ. ಆ ದಿನ ಡಾಕ್ಟರು ವಸಡು ಬಿಡಿಸುವ ಮೊದಲೇ ನನ್ನನ್ನು ಕರೆದು ರಕ್ತ ತೆಗೆಯಲು ಹೇಳಿದರು. ತೆಗೆದು ಟ್ಯೂಬು ಹಿಡಿದು ಬಾಗಿಲಿಗೆ ತಿರುಗಿದೆ.

"ಕೊಡಿ ಇಲ್ಲಿ" ಎಂದರು.

"ನಾನು ಓಡ್ತೆ ಡಾಕ್ಟ್ರೆ."

"ಬೇಡ."

ಅಷ್ಟೇ ಮಾತು. ಐವತ್ತು ದಾಟಿದ ಹೆಂಗಸು ಸೀರೆಯ ನೆರಿಗೆ ಎತ್ತಿ ಹಿಡಿದು, ಆ ಕಡಿದಾದ ಮೆಟ್ಟಿಲಲ್ಲಿ ದಡದಡ ಇಳಿದು ಓಡಿದರು. ಸೈಕಲ್ ಅಂಗಡಿಯವನು ನಮಸ್ಕಾರ ಹೇಳಿದ್ದಕ್ಕೆ ತಿರುಗಿಯೂ ನೋಡಲಿಲ್ಲ. ನಾನು ಅವರ ಹಿಂದೆ ಬರಿಗೈಯಲ್ಲಿ ಓಡಿದೆ. ತಾವೇ ಟ್ಯೂಬು ಕೂರಿಸಿ, ಮುಚ್ಚಳ ಹಾಕಿ, ಗುಂಡಿ ಒತ್ತಿ, ಹನ್ನೆರಡು ನಿಮಿಷವೂ ಯಂತ್ರದ ಮುಂದೆ ನಿಂತರು. ನಾನು ಕುರ್ಚಿ ಎಳೆದು ಕೊಟ್ಟೆ. ಕೂರಲಿಲ್ಲ. ಹೆಪ್ಪು ಹಳದಿಯಾಗಿ, ಗಟ್ಟಿಯಾಗಿ ಬಂದಿತ್ತು. "ಚೊಲೋ ಬಂತು" ಎಂದು ಅದನ್ನು ನನಗೂ ತೋರಿಸಿದರು.

ಎಂಟು ತಿಂಗಳ ಮೇಲೆ ತೆಗೆದ ಎಕ್ಸ್‌ರೇಯಲ್ಲಿ ಒಂದು ಹಲ್ಲಿನ ಸುತ್ತ ಬೆಳ್ಳಗೆ ಕಟ್ಟಿತ್ತು. ಇನ್ನೊಂದರ ಸುತ್ತ ಅರೆಬರೆ. ಎರಡನ್ನೂ ಹಿಂಬದಿಯಿಂದ ಸಣ್ಣ ತಂತಿಯಲ್ಲಿ ಬಿಗಿದು, "ನೋಡ್ವ" ಎಂದರು. ಮುಂದಿನ ಹಂಗಾಮಿನಲ್ಲಿ ಅವನು ಊದಿದ. ಮೊದಲ ಮದುವೆಯಲ್ಲಿ ಬೇಗ ದಣಿದನಂತೆ, ಆಮೇಲೆ ಸರಿಯಾಯಿತಂತೆ. ಕೇಳಲು ನಾನು ಹೋಗಲಿಲ್ಲ, ಮುಖವಿರಲಿಲ್ಲ.

ಡಾಕ್ಟರು ನನ್ನೊಡನೆ ಮಾತು ಬಿಟ್ಟರು ಎಂದೇನೂ ಅಲ್ಲ. ಲ್ಯಾಬಣ್ಣ ಎನ್ನುವುದನ್ನು ಬಿಡಲಿಲ್ಲ, ಎಕ್ಸ್‌ರೇ ನೋಡಲು ಕರೆಯುವುದನ್ನು ಬಿಡಲಿಲ್ಲ, ಅವಲಕ್ಕಿ ತಂದ ದಿನ ನನಗೊಂದು ಪಾಲು ಕಳಿಸುವುದನ್ನೂ ಬಿಡಲಿಲ್ಲ. ರಕ್ತವನ್ನೂ ನಾನೇ ತೆಗೆಯಬೇಕು. ಆದರೆ ಟ್ಯೂಬು ತುಂಬಿದ ಕೂಡಲೇ ಅವರ ಕೈ ಮುಂದೆ ಬರುತ್ತಿತ್ತು. ಮುಂದಿನ ವರ್ಷಗಳಲ್ಲಿ ಅವರ ಮಂಡಿ ಸವೆಯಿತು. ಓಟ ನಡಿಗೆಯಾಯಿತು, ನಡಿಗೆ ಕುಂಟಾಯಿತು. ಎರಡು ನಿಮಿಷಕ್ಕೆ ಸರಿಹೋಗಲೆಂದು ನಾನು ಯಂತ್ರವನ್ನೇ ಮೆಟ್ಟಿಲ ಬುಡದ ಕೋಣೆಗೆ ತಂದಿಟ್ಟೆ. ನಾನು ತರುತ್ತೇನೆ ಎಂದು ಮತ್ತೆ ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಹೊನ್ನಾವರದಲ್ಲಿ ಅವರು ಮಾಡಿದ ಕೊನೆಯ ಆಪರೇಶನ್ನಿನ ದಿನ, ಟ್ಯೂಬು ಹಿಡಿದುಕೊಂಡು ಮೆಟ್ಟಿಲ ತುದಿಗೆ ಬಂದವರು ಹಾಗೇ ನಿಂತುಬಿಟ್ಟರು. ಮಂಡಿ ಹಿಡಿದುಕೊಂಡಿತ್ತು. ಗಡಿಯಾರ ನೋಡಿಕೊಂಡರು, ಕೆಳಗೆ ನೋಡಿದರು. ನಾನು ಒಂದು ಮೆಟ್ಟಿಲು ಕೆಳಗೆ ನಿಂತು ಟ್ಯೂಬಿಗೆಂದು ಕೈ ಚಾಚಿದೆ. ಅವರು ನನ್ನ ಕೈಯನ್ನೇ ನೋಡಿದರು. ಆಮೇಲೆ ಬಲಗೈಯಲ್ಲಿದ್ದ ಟ್ಯೂಬುಗಳನ್ನು ಎಡಗೈಗೆ ಬದಲಾಯಿಸಿ, ಖಾಲಿಯಾದ ಬಲಗೈಯಿಂದ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದರು.